ಊಟ ಬಿಡುವ ಮಕ್ಕಳು: ಗುರುತಿಸುವುದು ಹೇಗೆ, ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ?

ಸಮಾಲೋಚಕಿ_ಪಿಯು

ನಮ್ಮ ಜಿಲ್ಲೆಯ ಪಿಯು ಕಾಲೇಜುಗಳ ಆಪ್ತಸಮಾಲೋಚಕರಿಗಾಗಿ ಒಂದು ಕೈಪಿಡಿ ತಯಾರಾಗುತ್ತಿದೆ. ಖಿನ್ನತೆ, ಪರೀಕ್ಷೆಯ ಭಯ, ಮೊಬೈಲ್ ಗೀಳು ಇವುಗಳ ಮೇಲೆ ಕನ್ನಡದಲ್ಲಿ ಓದಲು ಸಾಕಷ್ಟು ಸಿಗುತ್ತದೆ. ಈಟಿಂಗ್ ಡಿಸಾರ್ಡರ್ (ಊಟ, ತೂಕದ ಸುತ್ತ ಬರುವ ಮಾನಸಿಕ ಕಾಯಿಲೆ) ಎಂದು ಹುಡುಕಿದರೆ ಎರಡು ಸಾಲಿನ ವ್ಯಾಖ್ಯೆ, ಅದರ ಕೆಳಗೆ ತೆಳ್ಳಗಿನ ಹುಡುಗಿ ಕನ್ನಡಿ ನೋಡುವ ಚಿತ್ರ, ಅಷ್ಟೇ. ಅದರಿಂದ ಕಾಲೇಜಿನಲ್ಲಿ ಯಾರಿಗೂ ಉಪಯೋಗವಿಲ್ಲ.

ಇಲ್ಲಿ ವೈದ್ಯರು, ಡಯಟೀಷಿಯನ್‌ಗಳು, ನರ್ಸ್‌ಗಳು ಇದ್ದೀರಿ. ಇದು ಹಠವೋ ಕಾಯಿಲೆಯೋ ಎಂದು ಪೋಷಕರು ಕೇಳಿದರೆ ಏನು ಹೇಳಬೇಕು? ಏನನ್ನು ನೋಡಿ ಅನುಮಾನಪಡಬೇಕು? ಮೊದಲು ಯಾವ ಡಾಕ್ಟರ್ ಹತ್ತಿರ ಕಳಿಸಬೇಕು? ಮನೆಯಲ್ಲಿ ಊಟ ಹೇಗೆ ಕೊಡಬೇಕು?

ಒಂದು ವಿನಂತಿ. ದೇಹತೂಕದ ಕಿಲೋ ಅಂಕಿ, ಕ್ಯಾಲೊರಿ ಲೆಕ್ಕ, ತೂಕ ಇಳಿಸಿದ ರೀತಿ ಇವನ್ನು ಯಾರೂ ಬರೆಯಬೇಡಿ. ಈ ಕಾಯಿಲೆ ಇರುವ ಮಕ್ಕಳೂ ಇದನ್ನು ಓದುತ್ತಾರೆ, ಆ ಅಂಕಿಗಳು ಅವರಿಗೆ ಗುರಿಯಾಗಿಬಿಡುತ್ತವೆ.

ಮನೋರೋಗ_ವೈದ್ಯ

ಮೇಡಂ, ನಿಮ್ಮ ವಿನಂತಿ ಸರಿಯಾಗಿದೆ, ಎಲ್ಲರೂ ಪಾಲಿಸಲಿ.

ಹಠದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಡಯಟ್ ಶುರುವಾದ ದಿನ ಅದು ಹುಡುಗಿಯ ಸ್ವಂತ ತೀರ್ಮಾನವೇ ಆಗಿರಬಹುದು. ತೂಕ ಒಂದು ಮಟ್ಟಕ್ಕಿಂತ ಇಳಿದ ಮೇಲೆ ತೀರ್ಮಾನ ಅವಳ ಕೈಯಲ್ಲಿ ಉಳಿಯುವುದಿಲ್ಲ. ಹಸಿದ ಮೆದುಳು ತನ್ನದೇ ರೀತಿಯಲ್ಲಿ ವರ್ತಿಸತೊಡಗುತ್ತದೆ.

ಇದಕ್ಕೆ ಬಲವಾದ ಸಾಕ್ಷ್ಯ 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ. ಯುದ್ಧ ಮುಗಿದ ಮೇಲೆ ಹಸಿದ ಯುರೋಪಿಗೆ ಹೇಗೆ ಊಟ ಕೊಡಬೇಕು ಎಂದು ತಿಳಿಯಲು 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಒಪ್ಪಿ 24 ವಾರ ಅರೆಹೊಟ್ಟೆಯಲ್ಲಿದ್ದರು. ಸುಮಾರು ಕಾಲು ಭಾಗ ತೂಕ ಇಳಿಯಿತು. ಅವರಲ್ಲಿ ಯಾರಿಗೂ ದಪ್ಪಗಾಗುವ ಭಯ ಇರಲಿಲ್ಲ. ಆದರೂ ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆಯಲ್ಲಿದ್ದದ್ದನ್ನು ಹಾಗೆ ಹೀಗೆ ಕಲಸುತ್ತಾ ಊಟ ಎಳೆದರು, ಗೆಳೆಯರಿಂದ ದೂರವಾದರು, ಸಣ್ಣದಕ್ಕೂ ಸಿಡುಕಿದರು. ಬೇಸಿಗೆಯಲ್ಲೂ ಚಳಿ. ನಾಡಿ ನಿಧಾನವಾಯಿತು. ಮತ್ತೆ ಊಟ ಸಿಕ್ಕಾಗ ಕೆಲವರು ತಿಂಗಳುಗಟ್ಟಲೆ ಎಷ್ಟು ತಿಂದರೂ ಹಸಿವು ತೀರುತ್ತಿಲ್ಲ ಎಂದರು.

ಅನೊರೆಕ್ಸಿಯಾ (ಊಟ ತೀರಾ ಕಡಿಮೆ ಮಾಡಿ ತೂಕ ಅಪಾಯದ ಮಟ್ಟಕ್ಕೆ ಇಳಿಯುವ ಈಟಿಂಗ್ ಡಿಸಾರ್ಡರ್) ಇರುವ ಹುಡುಗಿಯ ಮನೆಯವರು ಹೇಳುವುದೂ ಇದನ್ನೇ. "ತಾನು ತಿನ್ನಲ್ಲ, ನಮಗೆ ಕೇಕ್ ಮಾಡಿ ಬಡಿಸ್ತಾಳೆ. ಎರಡು ಚಪಾತಿಗೆ ಒಂದು ಗಂಟೆ ಕೂರ್ತಾಳೆ. ಮೊದಲಿನ ಸ್ವಭಾವವೇ ಇಲ್ಲ." ಇವುಗಳಲ್ಲಿ ದೊಡ್ಡ ಪಾಲು ಹಸಿವಿನ ಲಕ್ಷಣ. ಹಾಗಾಗಿ ಚಿಕಿತ್ಸೆಯಲ್ಲಿ ಊಟ ಮೊದಲು, ಮನಸ್ಸಿನ ಮಾತು ಆಮೇಲೆ. "ಮನಸ್ಸು ಸರಿಹೋದರೆ ತಾನೇ ತಿನ್ನುತ್ತಾಳೆ" ಎಂದು ಕಾಯುತ್ತಾ ಕೂತರೆ ಕಾಯಿಲೆ ಬೇರು ಬಿಡುತ್ತದೆ.

ಕಾರಣಗಳ ವಿಷಯ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಅನೊರೆಕ್ಸಿಯಾ ಬರುವ ಸಾಧ್ಯತೆಯಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯ. 2019ರಲ್ಲಿ ಪ್ರಕಟವಾದ ದೊಡ್ಡ ಜೀನೋಮ್ ಅಧ್ಯಯನ ಇದಕ್ಕೆ ಸಂಬಂಧಿಸಿದ 8 ವಂಶವಾಹಿ ತಾಣಗಳನ್ನು ಗುರುತಿಸಿತು. ಆತಂಕ, ಗೀಳುರೋಗ ಇವುಗಳ ಜೊತೆಗೆ ದೇಹದ ಚಯಾಪಚಯಕ್ಕೂ ನಂಟಿರುವುದು ಅದರಲ್ಲಿ ಕಂಡಿತು. ಅದರ ಮೇಲೆ ಸ್ವಭಾವ: ಎಲ್ಲದರಲ್ಲೂ ನೂರಕ್ಕೆ ನೂರು ಬೇಕೆನ್ನುವುದು, ತಪ್ಪಾದರೆ ತಡೆದುಕೊಳ್ಳಲಾಗದಿರುವುದು. ಅದರ ಮೇಲೆ ಹರೆಯ. ಕಿಡಿ ಹೊತ್ತಿಸುವುದು ಬಹಳ ಸಲ ಸಣ್ಣದೇ: ಟೈಫಾಯ್ಡ್ ಬಂದು ತೂಕ ಇಳಿದದ್ದು, ನೀಟ್ ಕೋಚಿಂಗಿಗೆ ಹಾಸ್ಟೆಲ್ ಸೇರಿದ್ದು, ಭರತನಾಟ್ಯ ಅಥವಾ ಓಟದ ತರಬೇತಿಯಲ್ಲಿ ಬಂದ ಒಂದು ಮಾತು, "ಯಾಕೇ ಹೀಗೆ ಊದ್ಕೊಂಡಿದ್ದೀಯಾ" ಎಂದು ಮದುವೆಮನೆಯಲ್ಲಿ ಯಾರೋ ಕೇಳಿದ್ದು. ತಂದೆತಾಯಿ ಇದಕ್ಕೆ ಕಾರಣರಲ್ಲ. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೇ ಹಾಕಿ, ಏಕೆಂದರೆ ಅಪರಾಧಿ ಭಾವದಲ್ಲಿ ಮುಳುಗಿದ ಅಮ್ಮ ಗಟ್ಟಿಯಾಗಿ ಕೂತು ಊಟ ಮಾಡಿಸಲಾರಳು.

ಪ್ರೌಢಶಾಲಾ_ಶಿಕ್ಷಕ

ಸರ್, ಅನೊರೆಕ್ಸಿಯಾ ಒಂದೇನಾ, ಬೇರೆ ಬಗೆಗಳಿವೆಯೇ? ಶಾಲೆಯಲ್ಲಿ ತೆಳ್ಳಗಿರುವ ಮಕ್ಕಳು ಎಷ್ಟೋ ಮಂದಿ. ಅವರಲ್ಲಿ ಯಾರನ್ನು ಗಮನಿಸಬೇಕು?

ಮನೋರೋಗ_ವೈದ್ಯ

ತೆಳ್ಳಗಿರುವುದು ಗುರುತೇ ಅಲ್ಲ, ಬದಲಾವಣೆ ಗುರುತು. ದಪ್ಪಗಿದ್ದ ಹುಡುಗ ಕೆಲವೇ ತಿಂಗಳಲ್ಲಿ ಬಹಳ ಇಳಿದು ಈಗ "ಸರಿಯಾದ" ತೂಕದಲ್ಲಿ ಕಾಣುತ್ತಾನೆ ಎಂದರೆ ಎಲ್ಲರೂ ಶಭಾಷ್ ಅನ್ನುತ್ತಾರೆ. ಅವನ ನಾಡಿ, ರಕ್ತದೊತ್ತಡ ಅನೊರೆಕ್ಸಿಯಾದ ಹುಡುಗಿಯಷ್ಟೇ ಕೆಟ್ಟಿರಬಹುದು. ಇದನ್ನು ಅಟಿಪಿಕಲ್ ಅನೊರೆಕ್ಸಿಯಾ ಎನ್ನುತ್ತೇವೆ. ಇದು ಕೈತಪ್ಪಿ ಹೋಗುವುದೇ ಹೆಚ್ಚು.

ಬುಲಿಮಿಯಾದಲ್ಲಿ ತೂಕ ಹೆಚ್ಚುಕಡಿಮೆ ಮಾಮೂಲಿಯಾಗಿಯೇ ಇರುತ್ತದೆ. ಕಡಿಮೆ ಹೊತ್ತಿನಲ್ಲಿ, ಹಿಡಿತ ತಪ್ಪಿ, ಬಹಳಷ್ಟು ತಿನ್ನುವುದು. ಆಮೇಲೆ ಅದನ್ನು ಸರಿದೂಗಿಸಲು ವಾಂತಿ, ಭೇದಿ ಮಾತ್ರೆ, ಉಪವಾಸ ಅಥವಾ ಅತಿಯಾದ ವ್ಯಾಯಾಮ. ವಾರಕ್ಕೊಮ್ಮೆಯಂತೆ ಮೂರು ತಿಂಗಳು ನಡೆದರೆ ರೋಗವೆಂದು ಪರಿಗಣಿಸುತ್ತೇವೆ. ಸರಿದೂಗಿಸುವ ಭಾಗ ಇಲ್ಲದಿದ್ದರೆ ಅದು ಬಿಂಜ್ ಈಟಿಂಗ್. ಇದಕ್ಕೆ ಮನೋವೈದ್ಯರು ಬಳಸುವ ರೋಗಪಟ್ಟಿಯಾದ 2013ರ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಅದೇ ವರ್ಷ ಸೇರಿದ ಇನ್ನೊಂದು ಆರ್‌ಫಿಡ್: ದೇಹದ ಆಕಾರದ ಚಿಂತೆ ಇಲ್ಲ, ಆದರೆ ಕೆಲವೇ ಬಗೆಯ ಆಹಾರ ಬಿಟ್ಟು ಬೇರೆ ಬಾಯಿಗೆ ಹೋಗದು. ವಾಸನೆ ಅಥವಾ ಮೆತ್ತಗಿನ ಸ್ಪರ್ಶ ಸಹಿಸದಿರುವುದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂಬ ಭಯ, ಹಸಿವೇ ಗೊತ್ತಾಗದಿರುವುದು ಇದರ ಹಿಂದೆ ಇರಬಹುದು.

ತರಗತಿಯಲ್ಲಿ ಕಾಣುವಂಥವು: ಊಟದ ಹೊತ್ತಿಗೆ ಸರಿಯಾಗಿ ಲೈಬ್ರರಿಗೆ ಹೋಗುವುದು, ಡಬ್ಬಿ ತುಂಬಿದ್ದು ಹಾಗೇ ಮನೆಗೆ ಮರಳುವುದು, ಸೆಕೆಯಲ್ಲೂ ಸ್ವೆಟರ್, ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವುದು, ಕೂದಲು ಉದುರುವುದು, ಕೆನ್ನೆ ಮತ್ತು ತೋಳಿನ ಮೇಲೆ ನವಿರಾದ ರೋಮ, ಊಟವಾದ ಕೂಡಲೇ ಪ್ರತಿ ದಿನ ಬಾತ್‌ರೂಮ್, ಕಿವಿಯ ಕೆಳಗೆ ದವಡೆಯ ಎರಡೂ ಕಡೆ ಊತ. ಅಂಕ ಇಳಿಯಬೇಕೆಂದೇನಿಲ್ಲ. ಬಹಳ ಮಂದಿ ಮೊದಲಿಗಿಂತ ಹೆಚ್ಚು ಓದುತ್ತಿರುತ್ತಾರೆ. ಹಾಗಾಗಿಯೇ ಶಿಕ್ಷಕರಿಗೆ ಅನುಮಾನ ಬರುವುದಿಲ್ಲ.

ಫಿಜಿಷಿಯನ್_ಶಿವಮೊಗ್ಗ

"ಯಾವ ಡಾಕ್ಟರ್" ಎನ್ನುವುದಕ್ಕೆ ನಾನು ಉತ್ತರಿಸುತ್ತೇನೆ. ನಮ್ಮ ಕಡೆ ಈ ಮಕ್ಕಳು ಮೊದಲು ಬರುವುದು ಗ್ಯಾಸ್ಟ್ರಿಕ್ ಎಂದು. ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಹೊಟ್ಟೆ ಉಬ್ಬರ, ಮಲಬದ್ಧತೆ. "ದಪ್ಪಗಾಗುವ ಭಯ" ಎಂದು ಪುಸ್ತಕದಲ್ಲಿರುವ ಮಾತು ಬಾಯಲ್ಲಿ ಬಾರದೆಯೂ ಇರಬಹುದು. ಹಾಂಕಾಂಗ್‌ನಲ್ಲೂ ಭಾರತದಲ್ಲೂ ಇಂಥ, ಕೊಬ್ಬಿನ ಭಯವಿಲ್ಲದ ಅನೊರೆಕ್ಸಿಯಾವನ್ನು ವೈದ್ಯರು 1990ರ ದಶಕದಿಂದಲೇ ವರದಿ ಮಾಡಿದ್ದಾರೆ. ಆದ್ದರಿಂದ "ದಪ್ಪ ಆಗ್ತೀನಿ ಅಂತ ಅವಳು ಹೇಳ್ತಿಲ್ಲ, ಹಾಗಾದ್ರೆ ಇದು ಆ ಕಾಯಿಲೆ ಅಲ್ಲ" ಎಂದು ತಳ್ಳಿಹಾಕಬೇಡಿ.

ಹೊಟ್ಟೆ ತುಂಬಿದ ಅನುಭವ ಸುಳ್ಳಲ್ಲ. ಊಟ ಕಡಿಮೆಯಾದಾಗ ಜಠರ ಖಾಲಿಯಾಗುವ ವೇಗವೇ ಇಳಿಯುತ್ತದೆ. ಅದಕ್ಕೆ ಮದ್ದು ಹೊತ್ತುಹೊತ್ತಿಗೆ ಊಟ. ಕೆಲವು ವಾರ ಸರಿಯಾಗಿ ತಿಂದರೆ ಬಹುಪಾಲು ಮಂದಿಗೆ ತಾನೇ ಕಡಿಮೆಯಾಗುತ್ತದೆ. ಆಸಿಡಿಟಿ ಮಾತ್ರೆಯಲ್ಲೇ ಆರು ತಿಂಗಳು ಕಳೆಯುವುದು ಅಪಾಯ.

ಹಾಗೆಂದು ದೇಹದ ಬೇರೆ ಕಾಯಿಲೆಗಳನ್ನು ಮರೆಯಲೂಬಾರದು. ಥೈರಾಯ್ಡ್ ಹೆಚ್ಚಾಗಿರುವುದು, ಕ್ಷಯ, ಟೈಪ್ 1 ಸಕ್ಕರೆ ಕಾಯಿಲೆ, ಸೀಲಿಯಾಕ್ ಮತ್ತು ಕ್ರೋನ್ಸ್ (ಕರುಳಿನ ಕಾಯಿಲೆಗಳು), ಅಡಿಸನ್ಸ್ (ಅಡ್ರಿನಲ್ ಗ್ರಂಥಿಯ ಕಾಯಿಲೆ) ಇವುಗಳಿಂದಲೂ ತೂಕ ಇಳಿಯುತ್ತದೆ. ಮಾಡಿಸಬೇಕಾದ ಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ), ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಲಿವರ್, ಕಿಡ್ನಿ, ಟಿಎಸ್‌ಎಚ್ (ಥೈರಾಯ್ಡ್), ಇಸಿಜಿ. ಫಾಸ್ಫೇಟ್ ಮತ್ತು ಮೆಗ್ನೀಸಿಯಂ ಮಾಮೂಲಿ ಪ್ಯಾಕೇಜಿನಲ್ಲಿ ಬಹಳ ಸಲ ಇರುವುದಿಲ್ಲ, ಕೇಳಿ ಬರೆಸಬೇಕು. ವರದಿ ಎಲ್ಲ ನಾರ್ಮಲ್ ಬಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ದೇಹ ಕೊನೆಯವರೆಗೂ ರಕ್ತದ ಅಂಶಗಳನ್ನು ಕಾಪಾಡಿಕೊಳ್ಳಲು ನೋಡುತ್ತದೆ.

ಹದಿಹರೆಯದವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ:

- ಹಗಲಲ್ಲಿ ಸುಮ್ಮನೆ ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ನಿದ್ದೆಯಲ್ಲಿ 45ಕ್ಕಿಂತ ಕಡಿಮೆ
- ಬಿ.ಪಿ. 90/45ಕ್ಕಿಂತ ಕೆಳಗೆ
- ಮಲಗಿದ್ದವರು ಎದ್ದು ನಿಂತಾಗ ಮೇಲಿನ ಬಿ.ಪಿ. 20ಕ್ಕಿಂತ ಹೆಚ್ಚು ಇಳಿಯುವುದು ಅಥವಾ ನಾಡಿ 40ಕ್ಕಿಂತ ಹೆಚ್ಚು ಏರುವುದು
- ದೇಹದ ಉಷ್ಣತೆ 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ
- ಪೊಟ್ಯಾಸಿಯಂ ಅಥವಾ ಫಾಸ್ಫೇಟ್ ಇಳಿದಿರುವುದು, ಇಸಿಜಿಯಲ್ಲಿ ಏರುಪೇರು
- ಎಚ್ಚರ ತಪ್ಪುವುದು, ಫಿಟ್ಸ್, ಊಟ ನೀರು ಪೂರ್ತಿ ನಿಲ್ಲಿಸುವುದು

ಕೈಯಲ್ಲಿ ಯಾವ ಉಪಕರಣವೂ ಇಲ್ಲದಿದ್ದರೆ ಸ್ನಾಯುಗಳ ಬಲ ನೋಡಿ. ನೆಲದ ಮೇಲೆ ಅಂಗಾತ ಮಲಗಿದವರು ಕೈ ಊರದೆ ಎದ್ದು ಕೂರಬೇಕು, ಕುಕ್ಕರಗಾಲಲ್ಲಿ ಕೂತವರು ಏನನ್ನೂ ಹಿಡಿಯದೆ ಎದ್ದು ನಿಲ್ಲಬೇಕು. ಕೈ ಊರದೆ ಆಗುವುದೇ ಇಲ್ಲವೆಂದರೆ ಅದೇ ದಿನ ಆಸ್ಪತ್ರೆ. ಇದನ್ನು ಪಕ್ಕದಲ್ಲಿ ಒಬ್ಬರು ನಿಂತೇ ಮಾಡಿಸಿ, ಬೀಳಬಾರದು.

ಸಿಸ್ಟರ್_ಐಸಿಯು

ಡಾಕ್ಟ್ರ ಮಾತಿಗೆ ಇದನ್ನು ಸೇರಿಸಲೇಬೇಕು. ವಾರಗಟ್ಟಲೆ ಏನೂ ತಿನ್ನದ ಹುಡುಗಿ ಸುಸ್ತಾಗಿ ಬಿದ್ದರೆ ಮನೆಯವರು ಹತ್ತಿರದ ಕ್ಲಿನಿಕ್‌ಗೆ ಒಯ್ದು "ಎರಡು ಬಾಟ್ಲಿ ಗ್ಲೂಕೋಸ್ ಹಾಕಿ" ಎನ್ನುತ್ತಾರೆ. ದಯವಿಟ್ಟು ಇದನ್ನು ಕೈಪಿಡಿಯಲ್ಲಿ ಬರೆಯಿರಿ, ಈ ಒಂದು ಬಾಟ್ಲಿಯಿಂದ ಪ್ರಾಣ ಹೋಗಬಹುದು.

ಹೇಗೆಂದರೆ, ಉಪವಾಸದಲ್ಲಿ ದೇಹ ಕೊಬ್ಬನ್ನು ಸುಡುತ್ತಿರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಾಸ್ತಾನು ಒಳಗೆ ಖಾಲಿಯಾಗಿರುತ್ತದೆ. ಸಕ್ಕರೆ ಒಮ್ಮೆಲೇ ಬಂದರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಫಾಸ್ಫೇಟ್ ಜೀವಕೋಶಗಳೊಳಗೆ ಹೋಗಿಬಿಡುತ್ತದೆ. ಆಗ ಹೃದಯದ ಬಡಿತ ತಪ್ಪುವುದು, ಉಸಿರಾಟದ ಸ್ನಾಯು ಸೋಲುವುದು, ಫಿಟ್ಸ್. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊರತೆ ಇದ್ದರೆ ಕಣ್ಣು ತೇಲಾಡುವುದು, ನಡಿಗೆ ತಪ್ಪುವುದು, ಗೊಂದಲ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತೇವೆ.

ತಡೆಯುವ ಕ್ರಮ ಕಷ್ಟದ್ದಲ್ಲ. ಊಟ ಅಥವಾ ಡ್ರಿಪ್ ಶುರುಮಾಡುವ ಮೊದಲೇ ಥಯಾಮಿನ್. ಊಟ ಡಾಕ್ಟರ್ ಹೇಳಿದ ಪ್ರಮಾಣದಿಂದ ಆರಂಭಿಸಿ ದಿನದಿಂದ ದಿನಕ್ಕೆ ಏರಿಸುವುದು. ಮೊದಲ ವಾರ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಾ ನೋಡುವುದು. ಫಾಸ್ಫೇಟ್ ಕುಸಿಯುವುದು ಹೆಚ್ಚಾಗಿ ಆ ಮೊದಲ ವಾರದೊಳಗೇ, ಆದ್ದರಿಂದ ಮೊದಲ ದಿನದ ವರದಿ ಚೆನ್ನಾಗಿದೆ ಎಂದು ಬಿಡುವಂತಿಲ್ಲ. ಹಾಲು, ಮೊಸರಿನಲ್ಲಿ ಫಾಸ್ಫೇಟ್ ಚೆನ್ನಾಗಿರುವುದರಿಂದ ಶುರುವಿನ ಊಟದಲ್ಲಿ ಅವು ಇರಲಿ. ಆದರೆ ಹೆದರಿ ವಾರಗಟ್ಟಲೆ ತೀರಾ ಕಡಿಮೆ ಕೊಟ್ಟುಕೊಂಡೇ ಇರುವುದೂ ತಪ್ಪು, ಇದ್ದ ತೂಕವೂ ಹೋಗುತ್ತದೆ.

ಕ್ಲಿನಿಕ್‌ನಲ್ಲಿ ಹೇಳಬೇಕಾದ ಮಾತು ಇಷ್ಟೇ: "ಇವಳು ಇಷ್ಟು ದಿನದಿಂದ ಸರಿಯಾಗಿ ತಿಂದಿಲ್ಲ."

ಸ್ತ್ರೀರೋಗ_ತಜ್ಞೆ

ಮುಟ್ಟು ನಿಂತಿದೆ ಎಂದು ನಮ್ಮ ಹತ್ತಿರ ಬರುವವರ ಬಗ್ಗೆ. ಸ್ಕ್ಯಾನ್‌ನಲ್ಲಿ ಅಂಡಾಶಯದ ತುಂಬ ಸಣ್ಣ ಕೋಶಕಗಳು ಕಂಡ ತಕ್ಷಣ ಪಿಸಿಒಡಿ (ಪಿಸಿಒಎಸ್ ಎಂದೂ ಕರೆಯುವ ಹಾರ್ಮೋನ್ ಏರುಪೇರಿನ ತೊಂದರೆ) ಎಂಬ ಹಣೆಪಟ್ಟಿ ಬೀಳುತ್ತದೆ, ಅದರ ಜೊತೆ "ತೂಕ ಇಳಿಸಿ" ಎಂಬ ಸಲಹೆ. ಊಟ ಕಡಿಮೆಯಾಗಿ ಮುಟ್ಟು ನಿಂತ ಹುಡುಗಿಯರಲ್ಲೂ ಅಂಡಾಶಯ ಹಾಗೇ ಕಾಣಬಹುದು. ಎಲ್‌ಎಚ್, ಎಫ್‌ಎಸ್‌ಎಚ್, ಈಸ್ಟ್ರಡಿಯಾಲ್ ಹಾರ್ಮೋನುಗಳನ್ನು ನೋಡಿ, ಕಳೆದ ವರ್ಷದ ತೂಕ, ಊಟ, ವ್ಯಾಯಾಮ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಊಟ ಬಿಟ್ಟವಳಿಗೆ ತೂಕ ಇಳಿಸು ಎಂದು ಚೀಟಿ ಬರೆದುಕೊಟ್ಟರೆ ಅವಳ ಕಾಯಿಲೆಗೆ ವೈದ್ಯರ ಸಹಿ ಸಿಕ್ಕಂತಾಯಿತು. ಇನ್ನೊಂದು ಕಡೆ, ನಿಜವಾಗಿಯೇ ಪಿಸಿಒಎಸ್ ಇರುವವರಲ್ಲಿ ಬಿಂಜ್ ಈಟಿಂಗ್, ಬುಲಿಮಿಯಾ ಉಳಿದವರಿಗಿಂತ ಹೆಚ್ಚು. ಅವರಿಗೂ ಕಟ್ಟುನಿಟ್ಟಿನ ಡಯಟ್ ಚಾರ್ಟ್ ಕೊಡುವ ಮೊದಲು ಊಟದ ಜೊತೆ ಅವರ ಸಂಬಂಧ ಹೇಗಿದೆ ಎಂದು ಕೇಳಬೇಕು.

ಮುಟ್ಟು ತರಿಸಲು ಗರ್ಭನಿರೋಧಕ ಮಾತ್ರೆ ಕೊಟ್ಟರೆ ತಿಂಗಳಿಗೊಮ್ಮೆ ರಕ್ತಸ್ರಾವ ಆಗುತ್ತದೆ, ಮೂಳೆ ಉಳಿಯುವುದಿಲ್ಲ. ಮನೆಯವರು "ಸರಿಹೋಯ್ತು" ಎಂದುಕೊಳ್ಳುತ್ತಾರೆ. ಮೂಳೆಗೆ ಸಾಂದ್ರತೆ ತುಂಬುವ ಕಾಲವೇ ಹರೆಯ, ಆಗ ಈಸ್ಟ್ರೋಜನ್ ಇಲ್ಲದೆ ಹೋದರೆ ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಮುಟ್ಟು ನಿಂತು ಆರು ತಿಂಗಳಿಂದ ವರ್ಷದೊಳಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಮೂಳೆಗೆ ನಿಜವಾದ ಮದ್ದು ತೂಕ ಮರಳಿ ಮುಟ್ಟು ತಾನಾಗಿ ಬರುವುದು. ಕ್ಯಾಲ್ಸಿಯಂ, ವಿಟಮಿನ್ ಡಿ ಬರೀ ಆಸರೆ.

ಡಯಟೀಷಿಯನ್_ಹುಬ್ಬಳ್ಳಿ

ಮನಿಯೊಳಗ ಊಟ ಹೆಂಗ ಕೊಡಬೇಕು ಅನ್ನೂದು ನಾ ಹೇಳ್ತೀನ್ರಿ. ಇದು ಡಾಕ್ಟರು ನೋಡಿ, ಮನ್ಯಾಗ ಇಟ್ಟುಕೊಂಡು ಉಣಿಸಬಹುದು ಅಂತ ಹೇಳಿದ ಮ್ಯಾಲೆ ಮಾತ್ರ.

ದಿನಕ್ಕ ಮೂರು ಊಟ, ಮೂರು ನಾಲ್ಕು ಸಣ್ಣ ತಿನಿಸು. ಎರಡರ ನಡುವ ಮೂರರಿಂದ ನಾಲ್ಕು ತಾಸಿಗಿಂತ ಹೆಚ್ಚು ಅಂತರ ಬ್ಯಾಡ. ಹಸಿವು ಆಗೇತೇನು ಅಂತ ಕೇಳಬ್ಯಾಡ್ರಿ, ಹಸಿವಿನ ಗಂಟಿ ಕೆಟ್ಟಿರತದ. ಗಡಿಯಾರ ನೋಡಿ ಬಡಸ್ರಿ.

ಎಲ್ಲರೂ ಮಾಡೂ ತಪ್ಪು ಅಂದ್ರ "ಹೆಲ್ದಿ" ಅಂತ ಹೇಳಿ ಕೋಸಂಬರಿ, ಸೊಪ್ಪು, ಹಣ್ಣು, ತೆಳ್ಳನ್ನ ಅಂಬಲಿ, ಬರೇ ರಾಗಿ ಮುದ್ದಿ ಕೊಡೂದು. ಹೊಟ್ಟಿ ಲಗೂನ ತುಂಬತದ, ಶಕ್ತಿ ಸಾಲೂದಿಲ್ಲ. ಸಣ್ಣ ಪ್ರಮಾಣದಾಗ ಹೆಚ್ಚು ಶಕ್ತಿ ಇರೂ ಪದಾರ್ಥ ಬೇಕು. ನಮ್ಮ ಅಡಗಿಯೊಳಗ ಅವು ಭಾಳ ಅದಾವು: ತುಪ್ಪ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಕೆನಿ ಮೊಸರು, ಬೆಲ್ಲ, ಖರ್ಜೂರ, ಬಾಳೆಹಣ್ಣು, ತತ್ತಿ ತಿನ್ನೂ ಮನಿ ಇದ್ರ ತತ್ತಿ.

ಒಂದು ದಿನದ ಮಾದರಿ ಹಿಂಗ. ಎದ್ದ ಕೂಡಲೆ ಕೆನಿ ತೆಗೀಲಾರದ ಹಾಲು ಒಂದು ಲೋಟ, ನಾಲ್ಕು ಖರ್ಜೂರ. ಎಂಟೂವರಿಗೆ ಉಪ್ಪಿಟ್ಟು ಅಥವಾ ಅವಲಕ್ಕಿ ಒಂದು ತಾಟು, ಮ್ಯಾಲೆ ಒಂದು ಮುಷ್ಟಿ ಹುರಿದ ಶೇಂಗಾ, ಒಂದು ಬಟ್ಟಲ ಮೊಸರು. ಹನ್ನೊಂದಕ್ಕ ಶೇಂಗಾ ಉಂಡಿ ಎರಡು ಅಥವಾ ಬಾಳೆಹಣ್ಣು ಹಾಕಿದ ಮಿಲ್ಕ್‌ಶೇಕ್. ಮಧ್ಯಾಹ್ನ ರೊಟ್ಟಿ ಅಥವಾ ಚಪಾತಿ, ಕಾಳಿನ ಪಲ್ಲೆ, ಶೇಂಗಾ ಹಿಂಡಿ ಮೊಸರಿನಾಗ ಕಲಸಿ, ಆಮ್ಯಾಲೆ ಅನ್ನ, ಬ್ಯಾಳಿ, ಎರಡು ಚಮಚ ತುಪ್ಪ. ಸಂಜಿಗೆ ಹಾಲಿನ ಚಹಾ, ಜೊತಿಗೆ ತಿನಿಸು. ರಾತ್ರಿ ಮಧ್ಯಾಹ್ನದಂಗ. ಮಲಗೂ ಮುಂದ ಮತ್ತ ಒಂದು ಲೋಟ ಹಾಲು. ಪ್ರಮಾಣ ಅವರವರಿಗೆ ಬ್ಯಾರೆ, ವಾರಕ್ಕೊಮ್ಮೆ ತೂಕ ನೋಡಿ ಡಯಟೀಷಿಯನ್ ಏರಿಸ್ತಾರ. ಮನಿಯೊಳಗ ಚಿಕಿತ್ಸೆ ನಡದಾಗ ವಾರವಾರ ಸ್ವಲ್ಪ ಸ್ವಲ್ಪ ಏರಿಕಿ ಒಳ್ಳೇದು.

ತಾಟು ತಾಯಿ ಹಚ್ಚಬೇಕು, ಮಗಳು ಅಲ್ಲ. ಅಡಗಿ ಮನಿಯೊಳಗ ಸ್ವಲ್ಪ ದಿನ ಆಕಿ ಬರೂದು ಬ್ಯಾಡ. ಊಟಕ್ಕ ಅರ್ಧ ತಾಸು, ತಿನಿಸಿಗೆ ಕಾಲು ತಾಸು. ಮುಗದ ಮ್ಯಾಲೆ ಒಂದು ತಾಸು ಜೊತಿಗೆ ಕೂಡ್ರಿ, ಟಿವಿ ನೋಡ್ರಿ, ಚೌಕಾಬಾರಾ ಆಡ್ರಿ. ಊಟದ ಹೊತ್ತಿನಾಗ ಊಟದ ಮಾತು, ತೂಕದ ಮಾತು ತಗೀಬ್ಯಾಡ್ರಿ.

ಮೊದಲ ವಾರಗಳೊಳಗ ಕಾಲು ಬಾಯಬಹುದು, ಹೊಟ್ಟಿ ಮುಂದ ಬಂದಂಗ ಕಾಣಬಹುದು, ರಾತ್ರಿ ಮೈ ಬೆವರಬಹುದು. ಕಾಲು ಬಾತರ ಡಾಕ್ಟರಿಗೆ ತೋರಿಸ್ರಿ. ಅದು ನೀರು, ಕೊಬ್ಬಲ್ಲ ಅಂತ ಮಗಳಿಗೆ ಮೊದಲ ಹೇಳಿಟ್ಟಿರ್ರಿ. ಹೇಳಲಿಲ್ಲಂದ್ರ ಆಕಿ ಹೆದರಿ ಮತ್ತ ಊಟ ಬಿಡತಾಳ.

ಪ್ರೌಢಶಾಲಾ_ಶಿಕ್ಷಕ

ಬಲವಂತ ಮಾಡಿದರೆ ಊಟದ ಮೇಲೆ ಇನ್ನಷ್ಟು ದ್ವೇಷ ಬರುವುದಿಲ್ಲವೇ? ಹುಡುಗಿಗೂ ಸ್ವಾತಂತ್ರ್ಯ ಬೇಕಲ್ಲ.

ಮನೋರೋಗ_ವೈದ್ಯ

ಕೈಹಿಡಿದು ಬಾಯಿಗೆ ತುರುಕುವುದು, ಹೊಡೆಯುವುದು, ಅವಮಾನ ಮಾಡುವುದು ಬೇಡವೇ ಬೇಡ. ಕದಲದೆ ಕೂರುವುದು ಬೇರೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆ ಹದಿಹರೆಯದವರ ಅನೊರೆಕ್ಸಿಯಾಕ್ಕೆ ಈಗ ಮೊದಲ ಆಯ್ಕೆ. ಅದು ನಡೆಯುವುದೇ ಹೀಗೆ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಎಂಬುದೆಲ್ಲ ಅಪ್ಪ ಅಮ್ಮನ ಕೈಯಲ್ಲಿ. ತೂಕ ಮರಳಿ ಜಗಳ ಕಡಿಮೆಯಾದ ಮೇಲೆ ಎರಡನೇ ಹಂತದಲ್ಲಿ ಒಂದೊಂದೇ ಊಟ ಮಗುವಿನ ಕೈಗೆ. ಮೂರನೆಯದರಲ್ಲಿ ಓದು, ಗೆಳೆಯರು, ಹರೆಯದ ಉಳಿದ ವಿಷಯಗಳು. ಒಟ್ಟು ಆರು ತಿಂಗಳಿಂದ ಒಂದು ವರ್ಷ. ಸ್ವಾತಂತ್ರ್ಯ ವಾಪಸು ಬರುತ್ತದೆ, ಅದನ್ನು ಮಗುವಿಗೆ ಮೊದಲ ದಿನವೇ ಹೇಳಬೇಕು.

ತಟ್ಟೆಯ ಮುಂದೆ ವಾದ ಬೇಡ. "ಇನ್ನೆರಡು ತುತ್ತು ತಿಂದ್ರೆ ಮೊಬೈಲ್ ಕೊಡ್ತೀನಿ" ಎಂಬ ಚೌಕಾಸಿ ಬೇಡ. "ನಿನ್ನಿಂದ ನಾವೆಲ್ಲ ಸಾಯ್ತಾ ಇದ್ದೀವಿ" ಬೇಡ. "ಕಷ್ಟ ಅಂತ ಗೊತ್ತು ಪುಟ್ಟಿ. ನಾನು ಇಲ್ಲೇ ಇರ್ತೀನಿ. ಮುಂದಿನ ತುತ್ತು ತಗೋ" ಇಷ್ಟು ಸಾಕು, ಹತ್ತು ಸಲ ಅದೇ ದನಿಯಲ್ಲಿ. ಅಪ್ಪ ಒಂದು, ಅಮ್ಮ ಒಂದು, ಅಜ್ಜಿ ಇನ್ನೊಂದು ಹೇಳಿದರೆ ಕಾಯಿಲೆ ಆ ಸಂದಿಯಲ್ಲೇ ಉಳಿದುಕೊಳ್ಳುತ್ತದೆ. ಕೂಡುಕುಟುಂಬದಲ್ಲಿ ಮೊದಲು ದೊಡ್ಡವರೆಲ್ಲ ಕೂತು ಒಂದು ಮಾತಿಗೆ ಬರಬೇಕು.

ಉಪವಾಸದ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಸಂಕಷ್ಟಿ, ಏಕಾದಶಿ, ಸೋಮವಾರದ ಒಪ್ಪತ್ತು, ರಂಜಾನ್ ರೋಜಾ ಇವು ಆರೋಗ್ಯವಂತರಿಗೆ ತೊಂದರೆಯಲ್ಲ. ಮನೆಯಲ್ಲಿ ಬೇರೆ ಯಾರೂ ಮಾಡದ ವ್ರತವನ್ನು ಹುಡುಗಿ ಹೊಸದಾಗಿ ಹಿಡಿದು, ವಾರಕ್ಕೊಂದಿದ್ದದ್ದು ಮೂರಾದರೆ ಗಮನಿಸಿ. ಚಿಕಿತ್ಸೆಯ ಅವಧಿಯಲ್ಲಿ ಯಾವ ಉಪವಾಸವೂ ಇಲ್ಲ. ಕಾಯಿಲೆಯವರಿಗೆ ವಿನಾಯಿತಿ ಎಲ್ಲ ಸಂಪ್ರದಾಯಗಳಲ್ಲೂ ಇದೆ. ಮನೆಯ ಪುರೋಹಿತರು ಅಥವಾ ಮೌಲ್ವಿಯವರ ಬಾಯಿಂದಲೇ ಆ ಮಾತು ಹೇಳಿಸಿದರೆ ಹುಡುಗಿಯ ಮನಸ್ಸಿಗೂ ಸಮಾಧಾನ, ಅಜ್ಜಿಗೂ ಸಮಾಧಾನ.

ದಂತವೈದ್ಯೆ

ಬುಲಿಮಿಯಾ ಬಗ್ಗೆ ಎರಡು ಮಾತು. ಮೇಲಿನ ಮುಂಭಾಗದ ಹಲ್ಲುಗಳ ಒಳಬದಿ ಸವೆದು ನುಣುಪಾಗಿದ್ದರೆ, ಬಿಸಿ ತಣ್ಣನೆಗೆ ಜುಮ್ಮೆಂದರೆ, ನಮಗೆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತದೆ. ಹೊಟ್ಟೆಯ ಆಮ್ಲ ಎನಾಮಲ್ ಕರಗಿಸಿರುತ್ತದೆ. ಎನಾಮಲ್ ಮತ್ತೆ ಬೆಳೆಯದು.

ವಾಂತಿಯ ನಂತರ ತಕ್ಷಣ ಬ್ರಷ್ ಮಾಡಿದರೆ ಮೆತ್ತಗಾದ ಎನಾಮಲ್ ಉಜ್ಜಿಹೋಗುತ್ತದೆ. ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಬ್ರಷ್‌ಗೆ ಒಂದು ಗಂಟೆ ಕಾಯಬೇಕು. ಫ್ಲೋರೈಡ್ ಪೇಸ್ಟ್, ಮೆತ್ತನೆಯ ಬ್ರಷ್. ಕ್ಯಾಪ್, ಫಿಲ್ಲಿಂಗ್ ಮುಂತಾದ ದೊಡ್ಡ ಕೆಲಸ ವಾಂತಿ ನಿಂತ ಮೇಲೆ ಮಾಡಿಸಿದರೆ ಬಾಳಿಕೆ ಬರುತ್ತದೆ. ಹಲ್ಲು ನೋಡಿ ಅನುಮಾನ ಬಂದಾಗ ನಾವು ದಂತವೈದ್ಯರು ಅಮ್ಮನ ಎದುರಿಗೇ ಕೇಳಬಾರದು. ಹುಡುಗಿಯನ್ನು ಒಬ್ಬಳೇ ಇರುವಾಗ, "ಆಸಿಡ್ ಬಾಯಿಗೆ ಬರುತ್ತಾ, ವಾಂತಿ ಆಗುತ್ತಾ" ಎಂದು ಮೆಲ್ಲನೆ ಕೇಳಿದರೆ ಹೇಳುತ್ತಾಳೆ.

ಫಿಜಿಷಿಯನ್_ಶಿವಮೊಗ್ಗ

ವಾಂತಿಯಿಂದ ಹಲ್ಲಿಗಿಂತ ದೊಡ್ಡ ಅಪಾಯ ಪೊಟ್ಯಾಸಿಯಂ ಇಳಿಯುವುದು. ಕಾಲಿನಲ್ಲಿ ಸೆಳೆತ, ಎದೆ ಡವಡವ, ನಿಶ್ಶಕ್ತಿ. ಮೇಲ್ನೋಟಕ್ಕೆ ಪೂರ್ತಿ ಆರೋಗ್ಯವಾಗಿ ಕಾಣುವವರಲ್ಲೂ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ವಾಂತಿಯಲ್ಲಿ ರಕ್ತ ಬಂದರೆ ಅನ್ನನಾಳ ಸೀಳಿರಬಹುದು, ನೇರ ತುರ್ತು ವಿಭಾಗ. ಭೇದಿ ಮಾತ್ರೆ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಊಟದ ಶಕ್ತಿ ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ಹೀರಲ್ಪಟ್ಟಿರುತ್ತದೆ. ಹೋಗುವುದು ನೀರು ಮತ್ತು ಲವಣ, ಉಳಿಯುವುದು ಕೆಟ್ಟ ಕರುಳು.

ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಲ್ಲಿ ತೂಕ ಇಳಿಯುತ್ತಾ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಏರುತ್ತಲೇ ಇದ್ದು, ಪದೇಪದೇ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವುದು) ಆಗಿ ಆಸ್ಪತ್ರೆ ಸೇರುತ್ತಿದ್ದರೆ ಇನ್ಸುಲಿನ್ ಸರಿಯಾಗಿ ಹೋಗುತ್ತಿದೆಯೇ ಎಂದು ಬೈಯದೆ ವಿಚಾರಿಸಿ. ಸಕ್ಕರೆ ಕಾಯಿಲೆಯ ಜೊತೆ ಸೇರಿದ ಈ ಸ್ಥಿತಿ ಈಟಿಂಗ್ ಡಿಸಾರ್ಡರ್‌ಗಳಲ್ಲೇ ತೀರಾ ಅಪಾಯದ್ದು.

ಸಮಾಲೋಚಕಿ_ಪಿಯು

ಬುಲಿಮಿಯಾಕ್ಕೆ ಚಿಕಿತ್ಸೆ ಏನು? ಮಾತ್ರೆಯಿಂದ ಗುಣವಾಗುತ್ತದೆಯೇ? ಗಂಡುಮಕ್ಕಳ ಬಗ್ಗೆಯೂ ಸ್ವಲ್ಪ ಹೇಳಿ, ಜಿಮ್ ಸೇರಿ ಊಟದ ರೀತಿಯೇ ಬದಲಾದವರು ನಮ್ಮಲ್ಲಿ ಬಹಳ ಇದ್ದಾರೆ.

ಮನೋರೋಗ_ವೈದ್ಯ

ಬುಲಿಮಿಯಾಕ್ಕೆ ಸಿಬಿಟಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸುವ ಮಾತಿನ ಚಿಕಿತ್ಸೆ, ಸುಮಾರು 20 ವಾರದಲ್ಲಿ 20 ಭೇಟಿ. ಅದರ ಮೊದಲ ಹೆಜ್ಜೆ ಅಚ್ಚರಿಯೆನಿಸುವಷ್ಟು ಸರಳ: ಹೊತ್ತುಹೊತ್ತಿಗೆ ತಿನ್ನುವುದು. ಹಗಲೆಲ್ಲ ಊಟ ಬಿಟ್ಟದ್ದರಿಂದ ರಾತ್ರಿ ಹಿಡಿತ ತಪ್ಪುತ್ತದೆ, ಹಿಡಿತ ತಪ್ಪಿದ್ದಕ್ಕೆ ವಾಂತಿ, ವಾಂತಿ ಮಾಡಿದ ನಾಚಿಕೆಗೆ ಮರುದಿನ ಮತ್ತೆ ಉಪವಾಸ. ಈ ಸುತ್ತನ್ನು ಮುರಿಯುವ ಜಾಗ ಉಪವಾಸವೇ. ಏನು ತಿಂದೆ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಆಗಲೇ ಬರೆದಿಡಲು ಹೇಳುತ್ತೇವೆ. ಕ್ಯಾಲೊರಿ ಬರೆಯುವಂತಿಲ್ಲ.

ಮಾತ್ರೆಗಳಲ್ಲಿ ಫ್ಲುಆಕ್ಸೆಟಿನ್‌ಗೆ ಚೆನ್ನಾದ ಆಧಾರವಿದೆ. ವಯಸ್ಕರಲ್ಲಿ ದಿನಕ್ಕೆ 60 ಮಿ.ಗ್ರಾಂ., ಖಿನ್ನತೆಗೆ ಸಾಮಾನ್ಯವಾಗಿ ಕೊಡುವ 20ಕ್ಕಿಂತ ಹೆಚ್ಚು, ವೈದ್ಯರೇ ಹಂತಹಂತವಾಗಿ ಏರಿಸಬೇಕು. ಬುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆ ಕೊಡಲೇಬಾರದು, ಫಿಟ್ಸ್ ಬರುವ ಅಪಾಯ ಹೆಚ್ಚು. ತೂಕ ತೀರಾ ಇಳಿದ ಅನೊರೆಕ್ಸಿಯಾದಲ್ಲಿ ಖಿನ್ನತೆಯ ಮಾತ್ರೆಗಳು ಹೆಚ್ಚು ಕೆಲಸ ಮಾಡುವುದಿಲ್ಲ. ಅಲ್ಲಿ ಮದ್ದು ಊಟವೇ.

ಗಂಡುಮಕ್ಕಳಲ್ಲಿ ಚಿಂತೆ ಬಹಳ ಸಲ "ಸಣ್ಣ ಆಗಬೇಕು" ಎಂದಿರುವುದಿಲ್ಲ, "ಮೈ ಕಟ್ಟಬೇಕು, ಕೊಬ್ಬು ಇರಬಾರದು" ಎಂದಿರುತ್ತದೆ. ದಿನಕ್ಕೆರಡು ಸಲ ಜಿಮ್, ಜ್ವರ ಬಂದರೂ ಬಿಡದಿರುವುದು, ಮನೆಯ ಅನ್ನ ಮುಟ್ಟದೆ ಬರೀ ಮೊಟ್ಟೆಯ ಬಿಳಿ ಮತ್ತು ಪ್ರೋಟೀನ್ ಪುಡಿ, ಹಬ್ಬದ ಊಟಕ್ಕೂ ಬರದಿರುವುದು. ಯಾರೂ ಇದನ್ನು ಕಾಯಿಲೆ ಎನ್ನುವುದಿಲ್ಲ, ಶಿಸ್ತು ಎನ್ನುತ್ತಾರೆ. ಅವರಲ್ಲಿ ಮುಟ್ಟಿನಂಥ ಎಚ್ಚರಿಕೆಯ ಗಂಟೆಯೂ ಇಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಒಂದು ವಿಷಯ ಬಿಡಬಾರದು. ಅನೊರೆಕ್ಸಿಯಾ ಮಾನಸಿಕ ಕಾಯಿಲೆಗಳಲ್ಲೇ ಹೆಚ್ಚು ಸಾವು ತರುವವುಗಳಲ್ಲಿ ಒಂದು, ಆ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದು ಆತ್ಮಹತ್ಯೆ. "ಬದುಕೋದು ಬೇಡ ಅನ್ನಿಸುತ್ತಾ" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ಖರ್ಚಿನ ಬಗ್ಗೆ ಕೇಳಿದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಒದಗಿಸಬೇಕು.

ಹಾಸ್ಟೆಲ್_ವಾರ್ಡನ್

ಪ್ರತಿ ತಿಂಗಳು ಎಲ್ಲರ ತೂಕ ನೋಡಿ ಬೋರ್ಡಿನಲ್ಲಿ ಹಾಕಿದರೆ ಬೇಗ ಗೊತ್ತಾಗುವುದಿಲ್ಲವೇ? ಮೆಸ್‌ನಲ್ಲಿ ಯಾವ ತಿಂಡಿಗೆ ಎಷ್ಟು ಕ್ಯಾಲೊರಿ ಎಂದು ಬರೆದು ಹಾಕುವ ಯೋಚನೆಯೂ ಇದೆ.

ಡಯಟೀಷಿಯನ್_ಹುಬ್ಬಳ್ಳಿ

ಎರಡೂ ಬ್ಯಾಡ್ರಿ ಸರ್. ಎಲ್ಲರ ಮುಂದ ತೂಕ ನೋಡೂದು, ಬೋರ್ಡಿಗೆ ಹಚ್ಚೂದು ಆರಾಮ ಇದ್ದ ಹುಡುಗ್ಯಾರನ್ನೂ ಈ ಹಾದಿಗೆ ನೂಕತದ. ತೂಕ ನೋಡಲೇಬೇಕಂದ್ರ ಆರೋಗ್ಯ ತಪಾಸಣಿಯೊಳಗ, ಪರದೆ ಹಿಂದ, ಒಬ್ಬೊಬ್ಬರದು, ನರ್ಸ್ ಒಬ್ಬರಿಗೇ ಕಾಣೂ ಹಂಗ. ಮೆಸ್ ಹಲಗಿ ಮ್ಯಾಲೆ ತಿಂಡಿ ಹೆಸರು ಸಾಕು. ನೀವು ಮಾಡಬಹುದಾದ್ದು, ಮೂರು ಹೊತ್ತು ಯಾರು ಊಟಕ್ಕ ಬಂದಿಲ್ಲ ಅನ್ನೂ ಹಾಜರಿ. ಸತತ ಮೂರು ದಿನ ಎರಡೆರಡು ಊಟ ತಪ್ಪಿದ್ರ ಕರೆದು ಮಾತಾಡ್ರಿ, ಬೈಬ್ಯಾಡ್ರಿ. ಚಿಕಿತ್ಸೆ ಮುಗಿಸಿ ವಾಪಸು ಬಂದ ಹುಡುಗಿಗೆ "ಈಗ ಮುಖ ತುಂಬೇತಿ, ಚೆಂದ ಕಾಣತಿ" ಅಂತ ಯಾರೂ ಅನ್ನಬಾರದು, ಆಕಿ ಕಿವಿಗೆ ಅದು "ದಪ್ಪ ಆಗೀದಿ" ಅಂತನ ಕೇಳತದ.

ಸಿಸ್ಟರ್_ಐಸಿಯು

ಕಾಲೇಜಿನಿಂದ ಕಳಿಸುವಾಗ ಪೋಷಕರ ಕೈಯಲ್ಲಿ ಒಂದು ಚೀಟಿ ಕೊಡಿ, ಬಾಯಿಮಾತು ಒಪಿಡಿಯಲ್ಲಿ ಕಳೆದುಹೋಗುತ್ತದೆ. ಚೀಟಿಯಲ್ಲಿ ಬರೆಯಬೇಕಾದ್ದು: ಎಷ್ಟು ವಾರದಿಂದ ಊಟ ಕಡಿಮೆ, ಬಟ್ಟೆ ಎಷ್ಟು ಸಡಿಲವಾಗಿದೆ ಅಥವಾ ತೂಕದಲ್ಲಿ ಏನು ಬದಲಾವಣೆ, ಕೊನೆಯ ಮುಟ್ಟು ಯಾವಾಗ, ತಲೆ ಸುತ್ತಿ ಬಿದ್ದದ್ದಿದೆಯೇ, ವಾಂತಿ ಅಥವಾ ಭೇದಿ ಮಾತ್ರೆಯ ಅನುಮಾನವಿದೆಯೇ, ಕೂತಾಗಿನ ನಾಡಿ ಎಷ್ಟು, ಬದುಕು ಬೇಡ ಎಂಬ ಮಾತು ಬಂದಿದೆಯೇ. ಕೊನೆಯಲ್ಲಿ ಒಂದು ಸಾಲು: "ಈಟಿಂಗ್ ಡಿಸಾರ್ಡರ್ ಅನುಮಾನ. ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಇಸಿಜಿ ನೋಡಿ. ಥಯಾಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಬೇಡ." ಹುಡುಗಿಗೂ ಆ ಚೀಟಿ ಓದಿಸಿಯೇ ಕಳಿಸಿ, ಮುಚ್ಚಿದ ಲಕೋಟೆ ಬೇಡ.

ಸಮಾಲೋಚಕಿ_ಪಿಯು

ಈ ಚೀಟಿಯನ್ನು ಕೈಪಿಡಿಯ ಒಳರಕ್ಷಾಪುಟದಲ್ಲಿ ಹರಿದುಕೊಡುವಂತೆ ಮುದ್ರಿಸುತ್ತೇವೆ. ಬುಧವಾರದೊಳಗೆ ಕರಡು ಇಲ್ಲಿ ಹಾಕುತ್ತೇನೆ. ಔಷಧಿ ಮತ್ತು ನಾಡಿ, ಬಿ.ಪಿ. ಸಾಲುಗಳನ್ನು ಇಬ್ಬರು ಡಾಕ್ಟರುಗಳೂ ಒಮ್ಮೆ ತಿದ್ದಿಕೊಡಬೇಕು.